ಬಿಳಿ ದಾರದ ಬಳ್ಳಿಗಳಿಗೆ ನಾನು ಮಾಡಿದ ಉಪಕಾರ

ವಿಜ್ಞಾನಿಯಾಗಿ ಮೇಲೆ ಬರಲು ಬುದ್ಧಿ ಬೇಕು, ಓದು ಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನಂಥವನ ಕೈಗೆ ಸಿಕ್ಕಿಬೀಳದಿರುವ ಅದೃಷ್ಟವೂ ಬೇಕು ಎಂದು ಯಾರೂ ಹೇಳುವುದಿಲ್ಲ. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಮೂವತ್ತೈದೇ ಅಂಕ ತೆಗೆದವನು ನಾನು. ಅದರಲ್ಲೂ ಏಳೆಂಟು ಮುಂದಿನ ಬೆಂಚಿನವನವು. ಅಂಥವನು ಎಪ್ಪತ್ತೆರಡರ ಪ್ರಾಯದಲ್ಲಿ ಒಬ್ಬ ವಿಜ್ಞಾನಿಯ ಭವಿಷ್ಯಕ್ಕೇ ಕೈ ಹಾಕಿದ ಪಾಪವನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಉಪ್ಪಿನಂಗಡಿಯ ಬಟ್ಟೆ ಅಂಗಡಿಯವರ ಮಗಳು ನಸೀಮಾ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವಳು. ಕರಿಮೆಣಸಿನ ಬಳ್ಳಿ ಬೇಗ ಬೆಳೆಯಲೆಂದು ಬುಡಕ್ಕೆ ಹಾಕುವ ಒಂದು ಹುಡಿ ಕಂಡುಹಿಡಿದು, ಅದನ್ನು ಪರೀಕ್ಷಿಸಲು ಐವರ್ನಾಡಿನ ನಮ್ಮ ಅಂಗಳದಲ್ಲಿ ನಲವತ್ತು ಚೀಲಗಳಲ್ಲಿ ಬಳ್ಳಿ ನೆಟ್ಟಳು. ಇಪ್ಪತ್ತಕ್ಕೆ ಕೆಂಪು ದಾರ, ಇಪ್ಪತ್ತಕ್ಕೆ ಬಿಳಿ. "ಗೌಡ್ರೆ, ಕೆಂಪಿಗೆ ತಿಂಗಳಿಗೊಂದು ಚಮಚ ಹುಡಿ. ಬಿಳಿಗೆ ನೀರು ಬಿಟ್ಟು ಎಂತದೂ ಬೇಡ. ಆಯ್ತಾ?" ಎಂದಳು. "ಅಷ್ಟು ಗೊತ್ತಾಗುದಿಲ್ವಾ ಮಾರಾಯ್ತಿ" ಎಂದೆ. ಹುಡಿ ಫಲಿಸಿದರೆ ಅವಳ ಕೆಲಸ ಖಾಯಂ, ಇಲ್ಲವಾದರೆ ತಂದೆಯ ಅಂಗಡಿಯಲ್ಲಿ ಸೀರೆ ಮಡಚುವುದು ಎಂಬುದೂ ನನಗೆ ಗೊತ್ತಿತ್ತು.

ಒಂದು ತಿಂಗಳು ಸುಮ್ಮನಿದ್ದೆ. ಆದರೆ ಒಂದೇ ಪಂಕ್ತಿಯಲ್ಲಿ ಅರ್ಧ ಜನಕ್ಕೆ ಪಾಯಸ ಬಡಿಸಿ, ಉಳಿದರ್ಧಕ್ಕೆ ಬರೀ ನೀರು ಕೊಟ್ಟು ಮುಂದೆ ಹೋಗುವುದನ್ನು ನಾನು ಎಲ್ಲಿ ಕಲಿತವನು? ಊರಿನ ಮದುವೆ ಊಟಗಳಲ್ಲಿ ಐವತ್ತು ವರ್ಷ ಬಕೆಟ್ಟು ಹಿಡಿದು, ಬೇಡ ಎಂದವರ ಎಲೆಗೂ ಬಡಿಸಿದ ಕೈ ಇದು. ನೆಲಗಡಲೆ ಹಿಂಡಿ ಕೊಳೆಸಿ, ಬಿಳಿ ದಾರದವುಗಳಿಗೆ ಒಂದೊಂದು ತಂಬಿಗೆ ಹೊಯ್ದೆ. ಮತ್ತೆ ವಾರಕ್ಕೊಮ್ಮೆ ಹೊಯ್ಯುತ್ತಲೇ ಇದ್ದೆ.

ಆರು ತಿಂಗಳ ಮೇಲೆ ನಸೀಮಾ ಟೇಪು ಹಿಡಿದು ಬಂದಳು. ಬಿಳಿಯವು ಕೆಂಪಿನವುಗಳಿಗಿಂತ ಒಂದು ಗೇಣು ಮುಂದೆ! ಎರಡು ಸಲ ಅಳೆದು ಜಗಲಿಯಲ್ಲಿ ಕೂತಳು. "ನನ್ನ ಹುಡಿ ಬಳ್ಳಿಯನ್ನು ಬೆಳಿಲಿಕ್ಕೆ ಬಿಡುದಿಲ್ಲ ಅಂತ ಕಾಣ್ತದೆ ಗೌಡ್ರೆ. ಹಾಗೇ ಬರ್ದು ಕೊಡ್ತೇನೆ" ಎಂದಳು. ಚಹಾ ತಂದ ನನ್ನ ಹೆಂಡತಿ ಕಮಲ, ಹಿಂಡಿಯ ಬಕೆಟ್ಟಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ಎಲ್ಲ ಹೇಳಿಬಿಟ್ಟೆ.

ನಸೀಮಾ ಬೈಯುತ್ತಾಳೆ ಎಂದುಕೊಂಡಿದ್ದೆ. "ಪಾಪ ಅಂತ ಕಂಡಿತಾ?" ಎಂದಷ್ಟೇ ಕೇಳಿದಳು. ಮೇಲಿನವರ ಕೈಕಾಲು ಹಿಡಿದು ಇನ್ನಾರು ತಿಂಗಳ ಅವಧಿ ಪಡೆದು, ಹೊಸ ನಲವತ್ತು ಚೀಲಗಳನ್ನು ಮತ್ತೆ ನಮ್ಮ ಅಂಗಳಕ್ಕೇ ತಂದಳು. "ಪುನಃ ಇಲ್ಲಿಗೆ ಯಾಕೆ?" ಎಂದು ಕೇಳಿದೆ. "ತಪ್ಪು ಮಾಡಿ ಬಾಯಿ ಬಿಡುವವರು ಸಿಕ್ಕುದು ಕಷ್ಟ" ಎಂದಳು.

ಆ ಆರು ತಿಂಗಳು ನಾನು ಪಟ್ಟ ಪಾಡು ಹೇಳಿ ತೀರದು. ನೀರು ಹೊಯ್ಯುವ ಹೊತ್ತು ಬಿಟ್ಟರೆ, ಬಿಳಿ ದಾರದವುಗಳ ಮುಖ ನೋಡಲಾರದೆ ಹಿಂಬಾಗಿಲಿನಿಂದಲೇ ಓಡಾಡಿದೆ. ಹಿಂಡಿಯ ಗೋಣಿಯನ್ನು ಕಮಲ ಅಕ್ಕಿ ಇಡುವ ಕೋಣೆಗೆ ಸೇರಿಸಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಹುಡಿ ಗೆದ್ದಿತು. ನಸೀಮಾಳ ಕೆಲಸ ಖಾಯಂ ಆಯಿತು. ಮೊನ್ನೆ ಇಚಿಲಂಪಾಡಿಯಲ್ಲಿ ನಡೆದ ಕೃಷಿಕರ ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, "ನಾನು ವಿಜ್ಞಾನಿಯಾಗಿ ಉಳಿದದ್ದು ಇವರಿಂದ. ಆರು ತಿಂಗಳು ಇವ್ರು ಎಂತದೂ ಮಾಡ್ಲಿಲ್ಲ" ಎಂದಳು. ಚಪ್ಪಾಳೆಯೋ ಚಪ್ಪಾಳೆ.

ಮುಂದಿನ ಸಾಲಿನಲ್ಲಿದ್ದ ಕಮಲ ಪಕ್ಕದವರಿಗೆ ಹೇಳಿದ್ದು ಮೈಕಿಲ್ಲದೆಯೂ ನನಗೆ ಕೇಳಿಸಿತು: "ನಲವತ್ತೈದು ವರ್ಷದಿಂದ ಇವ್ರು ಮನೆಯಲ್ಲಿ ಅದನ್ನೇ ಮಾಡುದು. ಶಾಲು ಹೊದಿಸ್ಬೇಕು ಅಂತ ನನಗೆ ಗೊತ್ತಾಗ್ಲಿಲ್ಲ, ಅಷ್ಟೆ."