ದೋಣಿ ಹತ್ತಬಾರದು

ಹೆದರಿದವರ ಮೇಲೆ ಹಾವು ಎಸೆದ ಹಾಗೆ ಅನ್ನುತ್ತಾರಲ್ಲ, ಆ ಹಾವು ನನ್ನ ಮೇಲೆ ವಾರಕ್ಕೆ ಮೂರು ಸಲವಾದರೂ ಬೀಳುತ್ತದೆ.

ನನ್ನ ಉದ್ಯೋಗ ಟ್ರಯಥ್ಲಾನ್. ಸಮುದ್ರದಲ್ಲಿ ಒಂದೂವರೆ ಕಿಲೋಮೀಟರ್ ಈಜಬೇಕು, ದಡಕ್ಕೆ ಬಂದು ನಲವತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಇಳಿದ ಮೇಲೆ ಹತ್ತು ಕಿಲೋಮೀಟರ್ ಓಡಬೇಕು. ಒಂದು ಕಂಪನಿ ಇದಕ್ಕೆಂದೇ ತಂಡ ಕಟ್ಟಿ ನನಗೆ ತಿಂಗಳ ಸಂಬಳ ಕೊಡುತ್ತದೆ. ಅವರಿಗೆ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಗೊತ್ತಿಲ್ಲದ ಸಂಗತಿ ಒಂದಿತ್ತು. ನನಗೆ ಸಮುದ್ರ ಕಂಡರೆ ಜೀವ ಬಾಯಿಗೆ ಬರುತ್ತದೆ. ಈಜುಕೊಳದಲ್ಲಿ ನಾನು ಹುಲಿ. ಅಲ್ಲಿ ತಳದ ಬಿಳಿ ಟೈಲ್ಸ್ ಕಾಣುತ್ತವೆ, ಗೋಡೆ ಇರುತ್ತದೆ. ಬಂಗಾಳ ಕೊಲ್ಲಿಗೆ ಗೋಡೆ ಎಲ್ಲಿದೆ?

ಈಜುವಾಗ ಪಕ್ಕದಲ್ಲಿ ರಕ್ಷಣಾ ದೋಣಿಗಳು ಸುತ್ತುತ್ತಿರುತ್ತವೆ. ಸುಸ್ತಾದರೆ ದೋಣಿಯ ಅಂಚು ಹಿಡಿದು ಸುಧಾರಿಸಿಕೊಳ್ಳಬಹುದು. ದೋಣಿಯ ಬಲದಿಂದ ಮುಂದೆ ಹೋಗಕೂಡದು. ಹತ್ತಿದರಂತೂ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಹೋದ ವರ್ಷ ನಾನು ಹತ್ತಿದೆ. ಅದರ ಹಿಂದಿನ ವರ್ಷವೂ ಹತ್ತಿದ್ದೆ. ಈ ಡಿಸೆಂಬರಿನಲ್ಲಿ ಕೋಚ್ ನನ್ನನ್ನು ಕರೆದು, "ಫೆಬ್ರವರಿಯ ಸ್ಪರ್ಧೆಯಲ್ಲೂ ದೋಣಿಯಲ್ಲೇ ಬಂದರೆ ತಂಡದಲ್ಲಿ ನಿನಗೆ ಜಾಗ ಇಲ್ಲ" ಎಂದರು. ಕೋಪದಲ್ಲಿ ಹೇಳಿದ್ದರೆ ಸಮಾಧಾನವಾಗುತ್ತಿತ್ತು, ಮೆತ್ತಗೆ ಹೇಳಿದರು. ಎಂಟು ವರ್ಷದಿಂದ ನಾನು ಬೇರೆ ಕೆಲಸ ಕಲಿತಿಲ್ಲ. ಹೀಗೆ ನನ್ನ ಚಳಿಗಾಲ ಶುರುವಾಯಿತು. ಚಳಿಗಾಲವೆಂದರೆ ಚೆನ್ನೈ ಚಳಿಗಾಲ. ಬೆವರು ಹತ್ತು ನಿಮಿಷ ತಡವಾಗಿ ಬರುತ್ತದೆ, ಅಪ್ಪ ಮಂಕಿ ಟೋಪಿ ಹಾಕುತ್ತಾರೆ. ಅಷ್ಟೇ.

೧. ಹುಗ್ಗಿಯ ವೇಗ

ನಮ್ಮದು ಪೆರಂಬೂರಿನಲ್ಲಿ ಮೂರು ತಲೆಮಾರಿನಿಂದ ಇರುವ ಮಾಧ್ವರ ಮನೆ. ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ ಆಗಿಬಿಡಬೇಕು. ನನ್ನ ಸೈಕಲ್ ಅಭ್ಯಾಸವೂ ಅದೇ ಹೊತ್ತಿಗೆ. ಅಭ್ಯಾಸಕ್ಕೆ ಮುಂಚೆ ಒಂದು ಬಾಳೆಹಣ್ಣು, ಅದರ ಮೇಲೆ ಒಂದು ಗುಟುಕು ನೀರು ಎಂದು ಕೋಚ್ ಕಟ್ಟಪ್ಪಣೆ ಮಾಡಿದ್ದರು.

"ಏನೇ ಇದು ಅಕ್ರಮ?" ಎಂದರು ಅಜ್ಜಿ. "ಶ್ರೀಹರಿಗೆ ತೋರಿಸಿದ ಹುಗ್ಗಿ ಬಿಟ್ಟು ಬಾಳೆಹಣ್ಣು ತಿಂದ್ಕೊಂಡು ಹೋಗ್ತಾಳಂತೆ! ವರ್ಷ ಪೂರ್ತಿ ಸಿಗತ್ತೇನೇ ಇದು? ಪರವಾಯಿಲ್ಲ, ಕಟ್ಟಿಕೊಡ್ತೀನಿ, ದಾರೀಲಿ ತಿನ್ನು."

ಅಜ್ಜಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ತಾತನಿಗೇ ಇರಲಿಲ್ಲ. ಬಾಳೆಲೆಯಲ್ಲಿ ಕಟ್ಟಿದ ಬಿಸಿ ಹುಗ್ಗಿ, ಅದಕ್ಕೆ ಮೇಲಿಂದ ತುಪ್ಪ, ಎಲ್ಲವನ್ನೂ ಅಂಗಿಯ ಬೆನ್ನಿನ ಜೇಬಿಗೆ ತುರುಕಿಕೊಂಡು ಹೊರಟೆ. ತುಪ್ಪ ನಿಧಾನವಾಗಿ ಸೊಂಟಕ್ಕೆ ಇಳಿಯುತ್ತಿತ್ತು. ಸಮುದ್ರದ ಪಕ್ಕದ ರಸ್ತೆಗೆ ಬರುವಷ್ಟರಲ್ಲಿ ಹಿಂದೆ ಒಂದು ನಾಯಿ. ತಿರುಗಿ ನೋಡಿದರೆ ಐದು. ಎಷ್ಟು ತುಳಿದರೂ ಬಿಡಲಿಲ್ಲ. ಕೊನೆಗೆ "ಕೃಷ್ಣಾ, ಕ್ಷಮಿಸಪ್ಪಾ" ಎಂದು ಪೊಟ್ಟಣವನ್ನೇ ತೆಗೆದು ಎಸೆದೆ.

ಆವತ್ತು ಮಧ್ಯಾಹ್ನ ಕೋಚ್ ನನ್ನ ಕೈಗಡಿಯಾರದ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿ ಫೋನ್ ಮಾಡಿದರು. "ಈ ಎರಡು ಕಿಲೋಮೀಟರ್ ಏನಮ್ಮಾ ಮಾಡಿದೆ? ಗಂಡಸರ ತಂಡದಲ್ಲೂ ಇಷ್ಟು ವೇಗ ಯಾರೂ ತೋರಿಸಿಲ್ಲ. ಇನ್ನು ದಿನಾ ಇದೇ ದಾರಿ."

ಸಂಜೆ ಅಜ್ಜಿ ಕೇಳಿದರು, "ಹುಗ್ಗಿ ತಿಂದ್ಯೇನೇ?"

"ಒಂದು ಅಗುಳೂ ಉಳೀಲಿಲ್ಲ ಅಜ್ಜಿ" ಎಂದೆ.

ಮರುದಿನ ಎರಡು ಪೊಟ್ಟಣ ಕಟ್ಟಿದರು.

೨. ಕೋಲಂ

ನಾಯಿಗಳಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ನಮ್ಮ ಧನುರ್ಮಾಸವೇ ತಮಿಳರಿಗೆ ಮಾರ್ಗಳಿ; ಆ ತಿಂಗಳಲ್ಲಿ ನಮ್ಮ ಬೀದಿಯ ಹೆಂಗಸರು ಕತ್ತಲಲ್ಲೇ ಎದ್ದು ಮನೆಯ ಮುಂದೆ ಕೋಲಂ ಎಂಬ ರಂಗೋಲಿ ಹಾಕುತ್ತಾರೆ. ಒಬ್ಬರಿಗಿಂತ ಇನ್ನೊಬ್ಬರದು ದೊಡ್ಡದಾಗಬೇಕು ಎಂಬ ಹಟದಲ್ಲಿ ತಿಂಗಳ ಕೊನೆಗೆ ರಸ್ತೆಯೇ ಉಳಿಯುವುದಿಲ್ಲ. ಅದರ ಮೇಲೆ ಚಕ್ರ ಹಾಯಿಸಿದವರಿಗೆ ಯಾವ ದೇವರೂ ದಿಕ್ಕಿಲ್ಲ. ಸಿಗ್ನಲ್ ದಾಟಿ ಪೊಲೀಸರ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಕೋಲಂ ಮುಟ್ಟಬಾರದು ಎಂದುಕೊಂಡು ನಾನು ಉಸಿರು ಬಿಗಿಹಿಡಿದು ಮೋರಿಯ ಅಂಚಿನಲ್ಲೇ ಸೈಕಲ್ ನಡೆಸುತ್ತಿದ್ದೆ.

ಒಂದು ದಿನ ಮೂಲೆಮನೆಯ ಮಾಮಿ ಮೋರಿಯವರೆಗೂ ನವಿಲು ಬರೆದಿದ್ದರು. ಕಂಡ ಕೂಡಲೇ ಎರಡೂ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ನವಿಲನ್ನು ದಾಟಿ ಆ ಕಡೆ ದಬ್ಬೆಂದು ಬಿದ್ದೆ. ಮಾಮಿ "ಅಯ್ಯಯ್ಯೋ" ಎಂದು ಓಡಿ ಬಂದರು. ನನ್ನ ಮೊಣಕೈಯಲ್ಲಿ ರಕ್ತ ಬರುತ್ತಿತ್ತು. ಅವರು ಬಗ್ಗಿ ನವಿಲಿನ ಗರಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು ನಿಂತು, ಏನೂ ಆಗಿಲ್ಲ ಎಂದು ತಮಿಳಿನಲ್ಲಿ ನನಗೆ ಧೈರ್ಯ ಹೇಳಿದರು.

೩. ಮಗಳನ್ನು ಸಮುದ್ರಕ್ಕೆ ತಳ್ಳಿದವರು ಯಾರು?

ಜನವರಿಯಲ್ಲಿ ಸಮುದ್ರದ ಅಭ್ಯಾಸ. ಮೀನುಗಾರರ ಕೇರಿಯಾದ ಕುಪ್ಪದ ಹತ್ತಿರ ನೀರಿಗೆ ಇಳಿಯುವುದು. ದಡದಲ್ಲಿ ಕೋಚ್ ಮತ್ತು ಅಪ್ಪ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಅಪ್ಪನಿಗೂ ಸಮುದ್ರವೆಂದರೆ ಭಯ. ನನಗೆ ಬೇರೆಲ್ಲಿಂದ ಬರಬೇಕು? ಮಂಕಿ ಟೋಪಿ ಹಾಕಿಕೊಂಡು ಅಲೆ ಮುಟ್ಟದಷ್ಟು ದೂರದಲ್ಲಿ ನಿಂತಿರುತ್ತಿದ್ದರು.

ಭಯವಾದರೆ ಕೈಕಾಲು ಸಡಿಲ ಬಿಟ್ಟು ಅಂಗಾತ ತೇಲು ಎಂದು ಕೋಚ್ ಹೇಳಿಕೊಟ್ಟಿದ್ದರು. ಇನ್ನೂರು ಮೀಟರಿಗೇ ಭಯವಾಯಿತು. ಕಣ್ಣು ಮುಚ್ಚಿ ತೇಲಿದೆ. ಇನ್ನೇನು ಎದೆಬಡಿತ ಇಳಿಯಿತು ಎನ್ನುವಾಗ ಎರಡು ಕೈ ನನ್ನನ್ನು ತೋಳು ಹಿಡಿದು ಎತ್ತಿ ಬಲೆಯ ರಾಶಿಯ ಮೇಲೆ ಹಾಕಿದವು. ಮೀನುಗಾರರ ದೋಣಿ.

ದೋಣಿಯ ಹಿರಿಯರು ಬೈಯಲು ಶುರುಮಾಡಿದರು. ಓದಿದ ಹುಡುಗಿ ಹೀಗೆ ಮಾಡಬಹುದೇ, ಯಾವನೋ ಒಬ್ಬನಿಗಾಗಿ ಪ್ರಾಣ ಬಿಡುವುದೇ, ಹೆತ್ತವರ ನೆನಪಾಗಲಿಲ್ಲವೇ. ಯಾರೂ ಇಲ್ಲ ಅಯ್ಯಾ, ಇದು ನನ್ನ ಕೆಲಸ ಎಂದೆ. ಅವರು ನಂಬಲಿಲ್ಲ.

"ನಿನಗೆ ನೀರು ಕಂಡರೆ ಭಯ ತಾನೆ? ಮೈ ನಡುಗ್ತಾ ಇದೆ."

"ಹೌದು."

"ಮತ್ತೆ ಯಾರು ನಿನ್ನ ನೀರಿಗೆ ಇಳಿಸಿದ್ದು?"

ನಾನು ದಡದಲ್ಲಿ ನಿಂತಿದ್ದ ಕೋಚ್ ಕಡೆ ಬೆರಳು ತೋರಿಸಿದೆ.

ದೋಣಿ ದಡ ಮುಟ್ಟಿದ್ದೇ ತಡ, ನಾಲ್ಕು ಜನ ಇಳಿದು ಕೋಚನ್ನು ಸುತ್ತುಗಟ್ಟಿದರು. ಕೋಚ್ ವಿವರಿಸಲು ಬಾಯಿ ತೆರೆದಾಗಲೆಲ್ಲ ಒಬ್ಬರು ಹುಟ್ಟು ಎತ್ತುತ್ತಿದ್ದರು. "ಅಪ್ಪಾ, ನೀವಾದರೂ ಹೇಳಿ" ಎಂದು ನಾನು ಅಂಗಲಾಚಿದೆ. ಅಪ್ಪ ಮಂಕಿ ಟೋಪಿ ಸರಿಮಾಡಿಕೊಂಡು ಮುಂದೆ ಬಂದರು. ಹಿರಿಯರ ಕೈ ಹಿಡಿದು, ತಮಿಳಿನಲ್ಲೇ, "ಎಂಟು ವರ್ಷದಿಂದ ನಾನೂ ಇದನ್ನೇ ಕೇಳ್ತಾ ಇದ್ದೀನಿ ಸಾರ್" ಎಂದರು.

ನಗು ಬರುತ್ತದೆ ಈಗ. ಆವತ್ತು ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಆ ಕೈಗಳು ಎತ್ತಿದಾಗ ನನಗೆ ಆದದ್ದು ಸಂತೋಷ, ಬೇರೇನೂ ಅಲ್ಲ. ದೋಣಿ ಕಂಡರೆ ನಾನು ಹತ್ತಿಯೇ ಹತ್ತುತ್ತೇನೆ ಎಂದು ಖಾತ್ರಿಯಾಗಿತ್ತು.

೪. ಬಂಗಾಳ ಕೊಲ್ಲಿಯ ನಡುವೆ ಇಬ್ಬರು

ಸ್ಪರ್ಧೆಯ ಬೆಳಿಗ್ಗೆ ಅಲೆಗಳು ಸಣ್ಣವೇನಲ್ಲ. ಸೀಟಿ ಊದಿದರು, ಎಲ್ಲರ ಜೊತೆ ನಾನೂ ನುಗ್ಗಿದೆ. ಅರ್ಧ ದಾರಿಯಲ್ಲಿ ಕೆಳಗೆ ನೋಡಿದೆ. ನೋಡಬಾರದಿತ್ತು. ಹಸಿರು, ಅದರ ಕೆಳಗೆ ಕಪ್ಪು, ಅದರ ಕೆಳಗೆ ಏನಿದೆಯೋ ಯಾರಿಗೆ ಗೊತ್ತು. ಉಸಿರು ಸಿಕ್ಕಿಕೊಂಡಿತು. ತಲೆ ಎತ್ತಿದರೆ ಹತ್ತು ಮಾರು ದೂರದಲ್ಲಿ ಹಳದಿ ಬಣ್ಣದ ರಕ್ಷಣಾ ದೋಣಿ, ಒಬ್ಬರೇ ಕೂರುವಂಥ ಉದ್ದನೆಯದು. ಹೋಗಿ ಅಂಚು ಹಿಡಿದೆ. ಮುಗಿಯಿತು ನನ್ನ ಕಥೆ, ಹತ್ತಿಬಿಡೋಣ ಎಂದು ಮೊಣಕೈ ಊರಿದೆ.

"ಮೇಡಂ, ಅಲುಗಾಡಿಸಬೇಡಿ!" ಎಂದು ಮೇಲಿದ್ದವರು ತಮಿಳಿನಲ್ಲಿ ಕಿರುಚಿದರು.

ನಲವತ್ತರ ವಯಸ್ಸಿನ ದಪ್ಪನೆಯ ಮನುಷ್ಯ. ಲೈಫ್ ಜಾಕೆಟ್ ಕಿವಿಯವರೆಗೆ ಏರಿತ್ತು. ಮುಖ ಬಿಳಿಚಿಕೊಂಡಿತ್ತು. ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರ್ ಕೆಲಸವಂತೆ. ಆಫೀಸಿನಿಂದ ಸಮಾಜಸೇವೆಗೆ ಎಂದು ಹೆಸರು ಕೊಟ್ಟಿದ್ದರಂತೆ. ರೆಸಾರ್ಟಿನ ಕೊಳದಲ್ಲಿ ಒಮ್ಮೆ ದೋಣಿ ನಡೆಸಿದ ಅನುಭವವಿತ್ತಂತೆ. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು.

"ನಿಮಗೆ ಈಜು ಬರುತ್ತಾ ಸಾರ್?"

"ಇಲ್ಲ ಮೇಡಂ. ನಿಮಗೆ?"

"ಬರುತ್ತೆ" ಎಂದೆ. ಸಮುದ್ರದಲ್ಲಿದ್ದಾಗ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಹಾಗಾದರೆ ದಯವಿಟ್ಟು ನನ್ನ ಬಿಟ್ಟು ಹೋಗಬೇಡಿ" ಎಂದು ಅಳುವ ದನಿಯಲ್ಲಿ ಹೇಳಿದರು. ಒಂದು ಅಲೆ ಬಂತು. ಅವರು ಕಿರುಚಿದರು. ನಾನು ಕಿರುಚಲು ಬಾಯಿ ತೆರೆದಿದ್ದೆ, ಆದರೆ ಇಬ್ಬರೂ ಕಿರುಚಿದರೆ ಸಮಾಧಾನ ಹೇಳುವವರು ಯಾರು ಎಂದು ಮುಚ್ಚಿದೆ. "ನೀರು ನೋಡಬೇಡಿ ಸಾರ್, ನನ್ನ ಈಜುಟೋಪಿ ನೋಡಿ. ಉಸಿರು ನಿಧಾನ ಬಿಡಿ. ಏನೂ ಆಗಲ್ಲ" ಎಂದೆ. ಕೋಚ್ ನನಗೆ ಎಂಟು ವರ್ಷ ಹೇಳಿದ್ದನ್ನೆಲ್ಲ ಅವರಿಗೆ ಐದು ನಿಮಿಷದಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ನಿಜವಿರಬಹುದು ಅನಿಸಿತು. ಅವರು ಹುಟ್ಟು ಹಾಕಿದರೆ ದೋಣಿ ಗಿರಗಿರ ಸುತ್ತುತ್ತಿತ್ತು. ನಾನು ಹಿಂದಿನಿಂದ ತಳ್ಳುವುದು, ಸ್ವಲ್ಪ ಈಜುವುದು, ಅವರು ಕಿರುಚಿದರೆ ತಿರುಗಿ ಹೋಗಿ ಮತ್ತೆ ತಳ್ಳುವುದು. ಕಾಲಿಗೆ ಮರಳು ತಾಗಿದಾಗ ನನಗೇ ನಂಬಿಕೆ ಬರಲಿಲ್ಲ. ದಡ!

ಆದರೆ ಅಲ್ಲಿ ಇಬ್ಬರು ತೀರ್ಪುಗಾರರು ಕೈ ಅಡ್ಡ ಹಿಡಿದರು. "ದೋಣಿಯ ಜೊತೆ ಬಂದಿದ್ದೀರಿ. ಹತ್ತಿದ್ದಿರಾ?"

"ಇಲ್ಲ ಸಾರ್."

"ದೋಣಿ ಎಳೆಯಿತಾ?"

"ಇಲ್ಲ ಸಾರ್, ನಾನೇ ತಳ್ಳಿದೆ."

ಅವರು ನಿಯಮಗಳ ಪುಸ್ತಕ ತಿರುವಿದರು. ದೋಣಿ ಸ್ಪರ್ಧಿಗೆ ಸಹಾಯ ಮಾಡಬಾರದು ಎಂದಿತ್ತು. ಸ್ಪರ್ಧಿ ದೋಣಿಗೆ ಸಹಾಯ ಮಾಡಬಾರದು ಎಂದು ಎಲ್ಲಿಯೂ ಇರಲಿಲ್ಲ. "ಸದ್ಯಕ್ಕೆ ಹೋಗಿ" ಎಂದರು. ಸೈಕಲ್ ಹತ್ತಿ ಹೊರಟೆ. ಕಡೆಯಿಂದ ಎರಡನೆಯವಳಾಗಿ ಮುಗಿಸಿದೆ. ಮಧ್ಯಾಹ್ನ ಕೋಚ್ ಬಂದು, "ತೀರ್ಪುಗಾರರು ಒಪ್ಪಿಕೊಂಡರು. ನಿನ್ನ ಜಾಗ ಇದೆ" ಎಂದಾಗ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ.

ಅಷ್ಟರಲ್ಲಿ ಆ ಹಳದಿ ದೋಣಿಯವರು ಒಂದು ಅರ್ಜಿ ಹಿಡಿದು ಬಂದರು. ಸಮುದ್ರದಲ್ಲಿ ಸ್ಪರ್ಧಿಗೆ ನೆರವಾದ ಸ್ವಯಂಸೇವಕರಿಗೆ ಆಫೀಸಿನಲ್ಲಿ ಪ್ರಶಸ್ತಿಪತ್ರ ಕೊಡುತ್ತಾರಂತೆ, ಪಾರಾದವರ ಸಹಿ ಬೇಕಂತೆ. ಪಾರಾದವರು ಎಂಬಲ್ಲಿ ಆಗಲೇ ನನ್ನ ಹೆಸರು ಬರೆದಿದ್ದರು. ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಯೋಚಿಸಿದೆ; ಈ ಮನುಷ್ಯ ಇಲ್ಲದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆ? ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

"ಒಂದು ಜಾಗ ಖಾಲಿ ಉಳಿದಿದೆ ಮೇಡಂ" ಎಂದು ಅವರು ಸಂಕೋಚದಿಂದ ತಲೆ ಕೆರೆದುಕೊಂಡರು. "ಯಾವ ವಿಧಾನದಿಂದ ರಕ್ಷಿಸಿದಿರಿ ಅಂತ ಕೇಳಿದ್ದಾರೆ. ಏನು ಬರೀಲಿ?"

"ಕಿರುಚಿ ಅಂತ ಬರೀರಿ ಸಾರ್" ಎಂದೆ.