ಒಣಗದ ಹಲಗೆ

ಎಲ್ಲದಕ್ಕೂ ಮೂಲ ಆ ಪೆಟ್ಟಿಗೆ. ತಿಳವಳ್ಳಿಯ ಬಡಿಗ ಸಮಾಧಾನಪ್ಪ ಆಫ್ರಿಕಾದ ಮಲಾವಿ ದೇಶಕ್ಕೆ ಹೊರಟಿದ್ದ. ಅಲ್ಲಿಯ ಬಡ ಕ್ರೈಸ್ತ ಸಭೆಯೊಂದಕ್ಕೆ ಬಾಗಿಲು, ಕಿಟಕಿ ಮಾಡಿಕೊಡುವ ಸೇವೆ. ಅಂಥ ಪ್ರಯಾಣಕ್ಕೆ ರೆಕ್ಸಿನ್ ಚೀಲ ಹಿಡಿದು ಹೋಗುವುದೇ? ತಾನೇ ಕೂತು ಸಾಗವಾನಿಯ ಪೆಟ್ಟಿಗೆ ಮಾಡಿದ. ಎತ್ತಲು ನಾಲ್ಕು ಜನ ಬೇಕು.

ನೊಗ, ಕೂರಿಗೆ, ಮಂಚದ ಕಾಲು ಕೆತ್ತುವುದರಲ್ಲೇ ಅವನಿಗೆ ಐವತ್ತೆಂಟು ತುಂಬಿತ್ತು. ಸಾಯುವ ಮುಂಚೆ ಒಮ್ಮೆಯಾದರೂ ದೇವರ ಕೆಲಸಕ್ಕೆ ಕೈ ಹಚ್ಚಬೇಕು ಎಂಬುದು ಅವನ ಆಸೆ, ಅದರಲ್ಲಿ ಸುಳ್ಳಿರಲಿಲ್ಲ. ಊರಿನ ಪ್ರಾರ್ಥನಾ ಮಂದಿರಕ್ಕೆ ಎರಡು ವರ್ಷದಿಂದ ಬಾಗಿಲಿರಲಿಲ್ಲ, ಆ ಮಾತು ಬೇರೆ. ಗೆದ್ದಲು ತಿಂದ ಹಳೆಯದನ್ನು ಕಿತ್ತವನೂ ಇವನೇ. ಹೊಸದಕ್ಕೆಂದು ಸಭೆಯವರು ಹಲಗೆ ತಂದುಕೊಟ್ಟಿದ್ದರು. ಕೇಳಿದಾಗೆಲ್ಲ, "ಹಲಗಿ ಇನ್ನೂ ಹಸಿ ಅದಾವ್ರಿ, ಒಣಗಲಿ," ಎನ್ನುತ್ತಿದ್ದ. ಹಳೆ ಸೀರೆಯೊಂದು ಬಾಗಿಲಾಗಿ ಜೋತಾಡುತ್ತಿತ್ತು.

ಮಲಾವಿಯ ಸಭೆಗೆ ಅರ್ಜಿ ಬರೆದು ಆರು ತಿಂಗಳಾದ ಮೇಲೆ ಪಾಸ್ಟರ್ ದಾನಿಯೇಲಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಗುರುವಾರ ತಂಡ ಕೂಡತೈತಿ, ಹತ್ಯಾರ ತಯಾರ ಇಡ್ರಿ." ಎಲ್ಲಿ, ಹೇಗೆ ಎಂದು ಕೇಳುವ ಪುರುಸೊತ್ತು ಇವನಿಗೆಲ್ಲಿ? ಆಗಲೇ ಊರೆಲ್ಲ ಸಾರಿಬಿಟ್ಟಿದ್ದ.

ಗುರುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಜಾತ್ರೆ. ಪಕ್ಕದ ಮನೆಯ ಮಾಲತೇಶ ಫ್ಲೆಕ್ಸ್ ಕಟ್ಟಿಸಿದ್ದ: 'ಆಫ್ರಿಕಾಕ್ಕೆ ನಮ್ಮೂರ ಹೆಮ್ಮೆಯ ಬಡಿಗ'. ಶಾಲು ಹೊದಿಸಿದರು, ಹಾರ ಹಾಕಿದರು. ಎದುರು ಮನೆಯ ತಿಪ್ಪವ್ವ ಬುತ್ತಿಗೆ ಐವತ್ತು ಒಣಗಿಸಿದ ಕಟಕಲು ರೊಟ್ಟಿ ತಂದಳು.

"ಯಕ್ಕಾ, ಇಷ್ಟ್ಯಾಕ?"

"ಸುಮ್ನಿರೋ ತಮ್ಮಾ. ಅಲ್ಲಿ ಪಾಪ, ಉಣ್ಣಾಕ ಏನ್ ಐತೋ ಏನ್ ಇಲ್ಲೋ. ಅವರಿಗೂ ಕೊಡು." ಪೆಟ್ಟಿಗೆ ಸವರಿದಳು. "ಇಂಥಾ ಸಾಗವಾನಿ ಎಲ್ಲಿ ಸಿಕ್ತೋ ನಿನಗ?"

ಸಮಾಧಾನಪ್ಪನಿಗೆ ಕೆಮ್ಮು ಬಂತು. ಅಷ್ಟರಲ್ಲಿ ಫೋನು. ಪಾಸ್ಟರ್!

"ಸಮಾಧಾನಪ್ಪಾರ, ಸ್ಟೇಟಸ್‌ನ್ಯಾಗ ನಿಮ್ಮ ಫ್ಲೆಕ್ಸ್ ನೋಡಿದ್ನಿ. ಎಲ್ಲಿಗೂ ಹೊಂಡಬ್ಯಾಡ್ರಿ. ನೀವು ಮಲಾವಿಗೆ ಹೋಗೂದಿಲ್ಲ, ಅಲ್ಲಿಂದ..."

ಮುಂದಿನದನ್ನು ಸಮಾಧಾನಪ್ಪ ಕೇಳಲೇ ಇಲ್ಲ. ಫೋನು ಕಟ್ ಮಾಡಿ, ಬಂದ್ ಮಾಡಿ, ಕಿಸೆಗೆ ತುರುಕಿದ.

"ಯಾರದ್ರಿ ಕಾಕಾ?" ಎಂದ ಮಾಲತೇಶ.

"ವಿಮಾನದವರದು. ಕಾಯಾಕತ್ತಾರಂತ."

ಕೊರಳಲ್ಲಿ ಹಾರ ಇಟ್ಟುಕೊಂಡು ನಿಜ ಹೇಳುವುದು ಹೇಗೆ, ನೀವೇ ಹೇಳಿ! ಕಣ್ಣಲ್ಲಿ ನೀರು ಬಂತು. ಊರು ಬಿಡುವ ದುಃಖವೆಂದು ತಿಳಿದು ತಿಪ್ಪವ್ವನೂ ಅತ್ತಳು.

ಬಸ್ಸಿನವನು ಪೆಟ್ಟಿಗೆ ನೋಡಿದವನೇ ಕೈಮುಗಿದು ಹೋದ. ಗೂಡ್ಸ್ ಗಾಡಿಯ ಹಯಾತ ಮುಂದೆ ಬಂದ. "ಹತ್ರಿ ಕಾಕಾ, ಹುಬ್ಬಳ್ಳಿ ತನಕ ಬಿಡ್ತೇನಿ."

"ಹಾನಗಲ್ಲಿಗೆ ಬಿಟ್ರ ಸಾಕೋ."

"ಛೇ, ಏನ್ ಮಾತ್ರಿ? ದೇವರ ಕೆಲಸಕ್ಕ ಹೊಂಟೀರಿ!"

ಹಾನಗಲ್ಲಿನಲ್ಲಿ ಇಳಿಯುತ್ತೇನೆಂದರೆ ಬಿಡಲಿಲ್ಲ, ಬಂಕಾಪುರದಲ್ಲೂ ಬಿಡಲಿಲ್ಲ. ಅಲ್ಲಿಂದ ಸವಣೂರಿಗೆ ತಿರುಗಿಸಿದ, ಅಕ್ಕ ರೋಶನಬಿಯ ಮನೆಗೆ. ಆಕೆ ದಾರಿಯಲ್ಲಿ ತಿನ್ನಲು ಎರಡು ಕಿಲೋ ಸವಣೂರು ಖಾರಾ ಕಟ್ಟಿಕೊಟ್ಟು, "ಸಂಭಾಳಿಸಿ ಹೋಗಿ ಬರ್ರಿ ಅಣ್ಣಾರ," ಎಂದಳು. ಎಲ್ಲಾದರೂ ಓಡಿಹೋಗೋಣವೆಂದರೆ ಆ ಹಾಳು ಪೆಟ್ಟಿಗೆ ಬಿಟ್ಟು ಹೋಗುವಂತಿಲ್ಲ.

ಆಗ ಹಯಾತನ ಫೋನು ಗುಂಯ್ ಅಂದಿತು. ಮಾತಾಡಿ, ಬಾಯಿ ತೆರೆದು ನಿಂತ.

"ಕಾಕಾ, ಮಲಾವಿಯವರು ನಮ್ಮೂರಿಗೆ ಬಂದು ಕುಂತಾರಂತ! ನಿಮ್ಮನ್ನ ಕೇಳಾಕತ್ತಾರಂತ!"

ಗಾಡಿ ತಿರುಗಿತು. ದಾರಿಯುದ್ದಕ್ಕೂ ಸಮಾಧಾನಪ್ಪ ಹಿಂದಿನ ಪೆಟ್ಟಿಗೆಯನ್ನೇ ತಿರುತಿರುಗಿ ನೋಡಿದ.

ಮಂದಿರದ ಮುಂದೆ ಊರಿಗೆ ಊರೇ ನೆರೆದಿತ್ತು. ಎತ್ತರದ ಕಪ್ಪು ಮನುಷ್ಯನೊಬ್ಬ ಸೀರೆ ಸರಿಸಿ, ಚೌಕಟ್ಟಿಗೆ ಟೇಪು ಹಿಡಿದು ಅಳೆಯುತ್ತಿದ್ದ.

"ಇವರು ಚಿಸೋಮೊ ಅಂತ, ನಿಮ್ಮಂಗ ಬಡಿಗರು," ಎಂದರು ಪಾಸ್ಟರ್. "ಪೂರಾ ಕೇಳೂಕಿಂತ ಮೊದಲ ಫೋನ್ ಕಟ್ ಮಾಡಿದ್ರೆಲ್ಲಾ! ನಿಮ್ಮ ಅರ್ಜಿ ಇವರು ಓದಿದ್ರು. 'ನಮ್ಮದು ಕಡುಬಡವರ ಸಭೆ, ಮಂದಿರಕ್ಕ ಬಾಗಲಾ ಸುದ್ದಾ ಇಲ್ಲ, ಆದ್ರೂ ಸೇವೆಗೆ ಬರ್ತೇನಿ' ಅಂತ ಬರದಿದ್ರಿ. ಅದನ್ನ ಓದಿ ಅತ್ರಂತ. ಇಂಥಾ ಬಡವರನ್ನ ನಾವು ಕರಸ್ಕೊಳ್ಳೂದು ಪಾಪ, ನಾವ ಹೋಗಿ ಬಾಗಲಾ ಮಾಡಿ ಕೊಡೂಣು ಅಂತ ಚಂದಾ ಎತ್ತಿ ಬಂದಾರ."

ಚಿಸೋಮೊ ಬಂದು ಸಮಾಧಾನಪ್ಪನ ಎರಡೂ ಕೈ ಹಿಡಿದುಕೊಂಡ. ಆ ಅಂಗೈಯ ದಡ್ಡು ಇವನ ಅಂಗೈಯಂತೆಯೇ ಇತ್ತು. ತಲೆ ಎತ್ತಲಾಗಲಿಲ್ಲ.

"ಸಭೆಯವರು ಕೊಟ್ಟ ಹಲಗಿ ಎಲ್ಲಿಟ್ಟೀರಿ? ಒಣಗ್ಯಾವಿಲ್ಲೋ?" ಎಂದರು ಪಾಸ್ಟರ್.

ಚಿಸೋಮೊನ ಕಣ್ಣು ಗಾಡಿಯ ಮೇಲಿನ ಪೆಟ್ಟಿಗೆಗೆ ಹೋಯಿತು. ಬೆರಳಿನಿಂದ ಹಲಗೆ ತಟ್ಟಿ ನೋಡಿದ, ಅಗಲಕ್ಕೆ ಟೇಪು ಹಿಡಿದ, ಒಮ್ಮೆ ಚೌಕಟ್ಟಿನ ಕಡೆ ನೋಡಿದ. ಬಡಿಗನಿಗೆ ಯಾವ ಭಾಷೆ ಬೇಕು?

"ಮೊದಲ ಪೆಟ್ಟಿಗ್ಯಾಗಿನ ರೊಟ್ಟಿ ಇಳಿಸ್ರಿ," ಎಂದ ಸಮಾಧಾನಪ್ಪ ಸಣ್ಣ ದನಿಯಲ್ಲಿ. "ಹಲಗಿ... ಇವ ರೀ. ನಾ ತಪ್ಪ ಮಾಡೇನಿ."

ತಿಪ್ಪವ್ವ ಮೂಗಿನ ಮೇಲೆ ಬೆರಳಿಟ್ಟಳು.

"ಎರಡು ವರ್ಷ ಒಣಗದ ಹಲಗಿ, ಸವಣೂರಿಗೆ ಹೋಗಿ ಬರೂದ್ರಾಗ ಒಣಗ್ಯಾವ ನೋಡ್ರವಾ!"

ಚಿಸೋಮೊ ತನ್ನ ಸುತ್ತಿಗೆ ಕೊಟ್ಟ. ಸಮಾಧಾನಪ್ಪ ಶಾಲು ಮಡಿಚಿಟ್ಟು, ಪೆಟ್ಟಿಗೆಯ ಮೊದಲ ಮೊಳೆ ಕಿತ್ತ.