ಕಾಕಾ ಕಟ್ಟಿದ ಬಚ್ಚಲು

ನಮ್ಮ ಕಾಕಾ ಈ ಜಗತ್ತಿನಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಿದವನಲ್ಲ! ನೀವು ಇರಕಲ್ಲಗಡದ ಅವನ ಮನೆಗೆ ಹೋಗಿ ನಮಸ್ಕಾರ ಎಂದರೆ ಅವನು ಮೊದಲು ನೋಡುವುದು ನಿಮ್ಮ ಮೊಣಕಾಲು. ಆಮೇಲೆ ಮೊಣಕೈ, ಆಮೇಲೆ ಭುಜ. ಭುಜದಿಂದ ಮೇಲಿನ ಭಾಗದಲ್ಲಿ ಅವನಿಗೆ ಅಂಥ ಆಸಕ್ತಿಯಿಲ್ಲ. ಮುಂದೆ ಎಂದಾದರೂ ಸಂತೆಯಲ್ಲಿ ಸಿಕ್ಕರೆ ನಿಮ್ಮ ಹೆಸರು ಅವನಿಗೆ ನೆನಪಿರುವುದಿಲ್ಲ. ಆದರೆ "ನೀವು ಹದಿನೇಳೂವರಿ ಇಂಚಿನವರಲ್ಲೇನ್ರಿ?" ಎಂದು ಗುರುತು ಹಿಡಿಯುತ್ತಾನೆ. ಅದು ನೆಲದಿಂದ ನಿಮ್ಮ ಮೊಣಕಾಲಿನ ಎತ್ತರ!

(ಅಪ್ಪನ ತಮ್ಮನಿಗೆ ಏಕವಚನ ಬಳಸುತ್ತಿದ್ದೇನೆಂದು ಮೂಗು ಮುರಿಯಬೇಡಿ. ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ, ತನ್ನಿಂದ ಏನೋ ಕೆಲಸ ಆಗಬೇಕಾಗಿದೆ ಎಂದು ಅವನು ಸಂಶಯಪಡುತ್ತಾನೆ.)

ನಾನು ಮದುವೆಯಾಗಿ ಹೊಸ ಹೆಂಡತಿಯನ್ನು ಕರೆದುಕೊಂಡು ಆಶೀರ್ವಾದಕ್ಕೆ ಹೋದಾಗಲೂ ಹೀಗೇ ಆಯಿತು. ಅವಳು ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಕಾಕಾ ಅವಳ ಮೊಣಕೈ ನೋಡಿ ತಲೆಯಾಡಿಸಿದ.

"ತಮ್ಮಾ, ನಿಮ್ಮ ಅಡಗಿಮನಿ ಕಟ್ಟಿ ಈಕಿಗೆ ತಗ್ಗ ಆಕ್ಕೈತಿ. ಮೂರಿಂಚು ಎತ್ತರಸಬೇಕು."

"ಕಟ್ಟಿ ಹಂಗs ಇರ್ಲಿ ಬಿಡ್ರಿ ಕಾಕಾ," ಎಂದಳು ನನ್ನ ಹೆಂಡತಿ. "ಇವರು ನನಗಿಂತ ಗಿಡ್ಡ ಅದಾರ. ಅಡಗಿಗೆ ಇವರನ್ನs ಹಚ್ಚಿದ್ರಾತು."

ಅಂದಿನಿಂದ ಅವಳೆಂದರೆ ಕಾಕಾನಿಗೆ ಪ್ರಾಣ. ಇದು ನನಗಿರುವ ನೆನಪು. ತಾನು ಹಾಗೆ ಹೇಳಲೇ ಇಲ್ಲ, ಅಂದಿದ್ದು ಕಾಕಾನ ಹೆಂಡತಿ ಚಿಗವ್ವ ಎಂದು ಹೆಂಡತಿ ಈಗ ವಾದಿಸುತ್ತಾಳೆ. ಇರಬಹುದು. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸಿ, ಪುರಾವೆಯಿಲ್ಲದ ಯಾವುದನ್ನೂ ನಂಬಬಾರದು ಎಂದು ಕಲಿತವನು. ಆ ಅಪನಂಬಿಕೆ ವಯಸ್ಸಾದಂತೆ ನನ್ನ ತಲೆಯ ಕಡೆಗೇ ತಿರುಗಿದೆ. ಬಾಗಿಲಿಗೆ ಕೀಲಿ ಹಾಕಿದೆನೇ ಎಂದು ಎರಡು ಸಲ ಮೆಟ್ಟಿಲು ಹತ್ತಿ ಇಳಿಯುವ ಮನುಷ್ಯನ ನೆನಪುಗಳಿವು. ನೀವೂ ಅಷ್ಟೇ ನಂಬಿ.

ಆದರೆ ಹೋದ ವರ್ಷ ಚಿಗವ್ವನಿಗೆ ಲಕ್ವಾ ಹೊಡೆದದ್ದು ಖಚಿತ. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯುವಂತಾಯಿತು. ಮಾತು ಮಾತ್ರ ಒಂದು ಎಳೆಯೂ ಸಡಿಲಾಗಲಿಲ್ಲ. ಕೋಲು ಹಿಡಿದು ನಡೆಯುತ್ತಾಳೆ, ಎಡಗೈಯಿಂದಲೇ ಉಣ್ಣುತ್ತಾಳೆ. ಅವಳಿಗೆ ಸಹಿಸಲಾಗದ್ದು ಒಂದೇ, ಜಳಕ. ಸೊಸೆ ಬಂದು ಮೈಗೆ ನೀರು ಹಾಕಬೇಕು, ತಿಕ್ಕಬೇಕು, ಒರೆಸಬೇಕು. ಸೊಸೆ ಒಳ್ಳೆಯವಳೇ. ಅದೇ ಇನ್ನೂ ಕಷ್ಟ. ಒಳ್ಳೆಯವಳನ್ನು ಬಯ್ಯಲೂ ಬರುವುದಿಲ್ಲ.

"ತಮ್ಮಾ, ಹಸಗೂಸಿಗೆ ಎರದಂಗ ಎರಿತಾಳ ನನಗ," ಎಂದಳು ಚಿಗವ್ವ, ನಾನು ನೋಡಲು ಹೋದಾಗ. "ಮತ್ತೇನೂ ಬ್ಯಾಡ ನನಗ. ಬಾಗಲಾ ಹಾಕ್ಕೊಂಡು ನಾ ಒಬ್ಬಾಕಿನs ಜಳಕಾ ಮಾಡಬೇಕು. ಅಷ್ಟಾದ್ರ ಸಾಕು."

ಕಾಕಾ ಮೂಲೆಯಲ್ಲಿ ಕುಳಿತು ಇದನ್ನು ಕೇಳಿಸಿಕೊಂಡ. "ಕಟ್ಟತೀನಿ," ಎಂದ. ನಾನು ತಟ್ಟನೆ ಎದ್ದು ನಿಂತೆ! ಯಾಕೆಂದರೆ ಕಾಕಾ ಅದುವರೆಗೆ ಕಟ್ಟಿದ್ದೆಲ್ಲವನ್ನೂ ನಾನು ಬಲ್ಲೆ.

ಕಾಕಾ ಮೂಲತಃ ಗೌಂಡಿ. ಏಳನೆಯ ಈಯತ್ತೆಯವರೆಗೆ ಸಾಲಿ ಕಲಿತು, ಕರಣಿ ಹಿಡಿದು, ಎಲ್ಲರಂತೆ ಚೌಕಾಕಾರದ ಮನೆಗಳನ್ನು ಕಟ್ಟಿಕೊಂಡು ಸುಖವಾಗಿದ್ದ. ಒಂದು ವರ್ಷ ಗಂಗಾವತಿಯ ಆಚೆ, ಹೊಳೆಯ ದಂಡೆಯಲ್ಲಿ, ದೊಡ್ಡ ಊರಿನಿಂದ ಬಂದ ಹುಡುಗ ಹುಡುಗಿಯರು ಮಣ್ಣು, ಬಿದಿರು, ಕಲ್ಲುಗುಂಡುಗಳ ನಡುವೆ ಏನೋ ಪ್ರಯೋಗದ ಮನೆಗಳನ್ನು ಕಟ್ಟುತ್ತಿದ್ದರು. ಅಲ್ಲಿಗೆ ಮೂರು ತಿಂಗಳು ಕೂಲಿಗೆ ಹೋದ ಕಾಕಾ ಬೇರೆಯೇ ಮನುಷ್ಯನಾಗಿ ಮರಳಿದ. ಕೆಲವರು ದೀಕ್ಷೆ ಪಡೆದು ಬರುತ್ತಾರಲ್ಲ, ಹಾಗೆ.

"ಮನಿ ಅಂದ್ರ ಅಂಗಿ ಇದ್ದಂಗಲೇ ತಮ್ಮಾ," ಎಂದು ನನಗೆ ಉಪದೇಶ ಶುರುವಾಯಿತು. "ಅಂಗಿ ಹೊಲಸಾಕ ಅಳತಿ ಕೊಡತೀರಿ. ಮನಿ ಕಟ್ಟಸಾಕ ಯಾಕ ಕೊಡಂಗಿಲ್ಲ?"

"ಅಂಗಿ ಒಬ್ಬನಿಗೆ, ಕಾಕಾ. ಮನೆ ಎಲ್ಲರಿಗೆ."

"ಅದಕ್ಕs ಯಾರಿಗೂ ಸರಿ ಹೊಂದವಲ್ದು!"

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆಯೇ? ನಾನಿನ್ನೂ ಹುಡುಕುತ್ತಿದ್ದೇನೆ.

ಅವನ ಪದ್ಧತಿ ಹೀಗೆ. ಯಾರಿಗಾದರೂ ಏನಾದರೂ ಕಟ್ಟಬೇಕಾದರೆ ಒಂದು ಹುರಿ ತೆಗೆದುಕೊಂಡು ಅವರ ಮೈ ಅಳೆಯುತ್ತಾನೆ. ಮೊಣಕಾಲಿಗೆ ಒಂದು ಗಂಟು, ಮೊಣಕೈಗೆ ಒಂದು ಗಂಟು, ಕೈ ಚಾಚಿದರೆ ಒಂದು, ಕುಕ್ಕರಗಾಲಲ್ಲಿ ಕುಳಿತರೆ ಒಂದು. ಆ ಹುರಿಗಳು ಅವನ ಪಡಸಾಲೆಯ ಗೋಡೆಯ ಮೊಳೆಗಳಿಗೆ ಸಾಲಾಗಿ ನೇತಾಡುತ್ತವೆ. ನಮ್ಮ ಮನೆತನದವರೆಲ್ಲ ಅಲ್ಲಿ ನೇತಾಡುತ್ತಿದ್ದೇವೆ. ಒಮ್ಮೆ ನಾನು ಹೋದಾಗ ಗಾಳಿಗೆ ನಾನೂ ನನ್ನ ಅತ್ತೆಯೂ ಗಂಟು ಬಿದ್ದಿದ್ದೆವು!

ಹಿಟ್ನಾಳದಲ್ಲಿ, ಹೆದ್ದಾರಿಯ ಪಕ್ಕ, ಕಾಕಾನ ಪರಿಚಯದವನೊಬ್ಬ ಚಹಾದ ಅಂಗಡಿ ಇಟ್ಟಿದ್ದ. ಗಿರಾಕಿಗಳಿಗೆ ಕೂರಲು ಒಂದು ಕಟ್ಟೆ ಕಟ್ಟಿಕೊಡು ಎಂದು ಕೇಳಿದ. ಕಾಕಾ ಎರಡು ದಿನ ಅಲ್ಲಿ ಕುಳಿತು ಬಂದುಹೋಗುವ ಲಾರಿ ಡ್ರೈವರುಗಳ ಸೊಂಟವನ್ನೆಲ್ಲ ಅಳೆದ. ಅವರು ಸುಮ್ಮನೆ ಅಳೆಸಿಕೊಂಡರೇ? ಒಬ್ಬ ಪ್ಯಾಂಟು ಹೊಲಿದುಕೊಡುತ್ತಾರೆಂದು ತಿಳಿದು, ಯಾವಾಗ ಬರಲಿ ಎಂದು ಕೇಳಿ ಹೋದನಂತೆ. ಕೊನೆಗೆ ಬೆನ್ನಿನ ಬಾಗಿಗೆ ತಕ್ಕಂತೆ ಬಾಗಿದ, ಬೇವಿನ ನೆರಳು ಮಧ್ಯಾಹ್ನಪೂರ್ತಿ ಬೀಳುವಂತೆ ತಿರುಗಿದ ಒಂದು ಕಟ್ಟೆ ಎದ್ದಿತು. ವಾರದೊಳಗೆ ಅಂಗಡಿಯವನು ಇರಕಲ್ಲಗಡಕ್ಕೆ ಓಡಿ ಬಂದ.

"ಕಾಕಾ, ಕುಂತವ್ರು ಏಳವಲ್ರು! ಒಂದು ಕಪ್ ಚಾ ಕುಡದು ಮೂರು ತಾಸು ಮಕ್ಕೊಳ್ಳಾಕತ್ಯಾರ. ನಿಂತವರಿಗೆ ಜಾಗಾ ಇಲ್ಲ."

"ಅಂದ್ರ ಕಟ್ಟಿ ಛಲೋ ಆಗೈತಿ ಅಂದಂಗಾತು."

"ಅಂಗಡಿ ಮುಳಗತೈತ್ರೀ!"

"ಚಾ ಸ್ಟ್ರಾಂಗ್ ಮಾಡು," ಎಂದ ಕಾಕಾ.

ಯಲಬುರ್ಗಾ ಕಡೆ ತಳಕಲ್ಲಿನಲ್ಲಿ ನಮ್ಮ ಬೀಗರೊಬ್ಬರು ಅಡುಗೆಮನೆ ಕಟ್ಟಿಸಿದ್ದು ಇದಕ್ಕಿಂತ ದೊಡ್ಡ ಕಥೆ. ಬೇಸಿಗೆಯಲ್ಲಿ ಒಲೆಯ ಮುಂದೆ ಕುಳಿತ ಹೆಂಗಸಿಗೆ ಗಾಳಿ ಬೇಕು ಎಂದು ಕಾಕಾ ಪಡುವಣ ಗೋಡೆಯಲ್ಲಿ, ಸರಿಯಾಗಿ ಅವಳ ಮುಖದ ಎತ್ತರಕ್ಕೆ, ಹೊರಗೆ ಅಗಲ ಒಳಗೆ ಕಿರಿದಾದ ಒಂದು ಗಾಳಿಗಂಡಿ ಬಿಟ್ಟ. ನಾನೇ ಹೋಗಿ ನೋಡಿದೆ. ತತ್ವ ಸರಿಯಾಗಿತ್ತು. ಗಾಳಿ ಕಿರಿದಾದ ದಾರಿಯಲ್ಲಿ ಜೋರಾಗಿ ನುಗ್ಗುತ್ತದೆ ಎಂದು ಬೀಗರಿಗೆ ಪಾಠವನ್ನೂ ಮಾಡಿ ಬಂದೆ. ಬೇಸಿಗೆಯಿಡೀ ಬೀಗತಿ ಕಾಕಾನನ್ನು ಕೊಂಡಾಡಿದಳು. ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ನಿಮಗೆ ಗೊತ್ತಲ್ಲ?

"ಹಿಟ್ಟು ನಮ್ದು, ರೊಟ್ಟಿ ಮಂದೀದು!" ಎಂದು ಬೀಗತಿ ಫೋನಿನಲ್ಲಿ ಚೀರಿದಳು. "ನಾದೂ ಕೊಣಮಗಿಗೆ ಹಿಟ್ಟ ಹಾಕೂದರಾಗ ಹಿತ್ತಲಾ ದಾಟಿ ಬಾಜೂ ಮನಿಗೆ ಹೋಗತೈತ್ರಿ!"

ಕಾಕಾ ಸ್ವಲ್ಪ ಯೋಚಿಸಿ ಹೇಳಿದ: "ಗಾಳಿದೇನೂ ತಪ್ಪಿಲ್ಲವ್ವಾ. ನೀವು ಹಿಟ್ಟು ಭಾಳ ಸಣ್ಣ ಬೀಸಸೀರಿ."

ನನಗೂ ಅವನು ರೋಗನಿದಾನ ಮಾಡಿದ್ದಾನೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ವರ್ಗವಾಗುತ್ತ, ಹೋದಲ್ಲೆಲ್ಲ ಮನೆ ಬದಲಿಸುತ್ತ, ಈಗ ಕೊಪ್ಪಳದಲ್ಲಿರುವ ನನಗೆ ಒಂದು ಕಡೆ ಹತ್ತು ನಿಮಿಷ ಕೂರಲಾಗುವುದಿಲ್ಲ. "ನಿನ್ನ ಬಾಡಿಗಿ ಮನಿ ಮಾಳಿಗಿ ತಗ್ಗ ಐತಿ. ತಲಿಯಾಗಿನ ವಿಚಾರ ಎದ್ದು ನಿಲ್ಲಾಕ ಜಾಗಾ ಇಲ್ಲ. ಅದಕ್ಕs ಅಡ್ಡಾಡತೀ," ಎಂದ. ನಾನು ನಕ್ಕೆ. ಕೊಪ್ಪಳಕ್ಕೆ ಬಂದವನು ಟೇಪು ಹಿಡಿದು ಮಾಳಿಗೆ ಅಳೆದೆ ಎಂಬುದನ್ನು ಮಾತ್ರ ಅವನಿಗೆ ಹೇಳಬೇಡಿ.

ಇಂಥ ಕಾಕಾ ಈಗ ಚಿಗವ್ವನಿಗೆ ಬಚ್ಚಲು ಕಟ್ಟುತ್ತೇನೆಂದು ಹಿತ್ತಲಲ್ಲಿ ಬುನಾದಿ ತೋಡಿದ್ದ! ನಾನು ರವಿವಾರಕ್ಕೊಮ್ಮೆ ಹೋಗಿ ಸಂಶಯ ವ್ಯಕ್ತಪಡಿಸಿ ಬರುತ್ತಿದ್ದೆ. ಬಚ್ಚಲು ಗುಂಡಗಿತ್ತು. ಮಣ್ಣಿನ ಗೋಡೆ, ಒಳಮೈಗೆ ಸುಣ್ಣದ ಗಚ್ಚು.

"ಗುಂಡಗೆ ಯಾಕೆ, ಕಾಕಾ?"

"ಮೂಲಿ ಇದ್ರ ಬಿದ್ದವರಿಗೆ ಪೆಟ್ಟು ಹತ್ತತೈತಿ. ಮನಷ್ಯಾನ ಮೈಯಾಗ ಎಲ್ಲೆರ ಮೂಲಿ ಅದಾವೇನ?"

ದಾರಿಯಲ್ಲಿ ಹೋಗುವವರು ಸುಮ್ಮನಿರುತ್ತಾರೆಯೇ? "ಏನ್ ಕಾಕಾ, ಜ್ವಾಳ ತುಂಬಾಕ ಕಣಜ ಕಟ್ಟಾಕತ್ತೀಯೇನ?" ಎಂದನೊಬ್ಬ. "ಹೌದು ಬಾ, ಮೊದಲ ನಿನ್ನ ಹಾಕಿ ಮುಚ್ಚತೀನಿ," ಎಂದ ಕಾಕಾ.

ಆದರೆ ಕೆಲಸ ಅಚ್ಚುಕಟ್ಟಾಗಿತ್ತು, ಒಪ್ಪಬೇಕು. ಕೂರಲು ನುಣ್ಣಗೆ ಕಡೆದ ಕಲ್ಲು. ಜಾರದಂತೆ ಹಲ್ಲು ಹೊಡೆದ ನೆಲ. ಹೊರಗಿನ ಒಲೆಯ ಹಂಡೆಯಿಂದ ಬಿಸಿನೀರು ಹರಿದು ಬಂದು ತುಂಬುವ ಕಲ್ಲಿನ ತೊಟ್ಟಿ. ಹಿಡಿದು ಏಳಲು ಗೋಡೆಯೊಳಗೇ ಹೂತ ಜಾಲಿ ಕಟ್ಟಿಗೆಯ ಹಿಡಿ. ಮೂಡಣ ಗೋಡೆಯಲ್ಲಿ ಒಂದು ಸೀಳುಗಿಂಡಿ. ಮುಂಜಾನೆಯ ಬಿಸಿಲು ಅದರೊಳಗಿಂದ ನೇರವಾಗಿ ಕೂತವರ ಬೆನ್ನಿಗೆ ಬೀಳಬೇಕು. ನಾನು ಎಲ್ಲವನ್ನೂ ತಡವಿ ನೋಡಿ ಕೇಳಿದೆ:

"ಚಿಗವ್ವನ ಅಳತೆ ಯಾವಾಗ ತಗೊಂಡಿ, ಕಾಕಾ? ಗೋಡೆ ಮೇಲೆ ಅವಳ ಹುರಿ ಕಾಣಲಿಲ್ಲ."

ಕಾಕಾ ನನ್ನ ಕಡೆ ಕನಿಕರದಿಂದ ನೋಡಿದ. "ನಲವತ್ತು ವರ್ಷ ಬಾಳೇ ಮಾಡೀನಲೇ ಆಕಿ ಕೂಡ. ಆಕಿ ಅಳತಿ ನನಗ ಹುರಿಯಾಗ ಬೇಕೇನ? ಕಣ್ಣಾಗ ಐತಿ."

ನನಗೆ ಹೊಟ್ಟೆಕಿಚ್ಚಾಯಿತು. ತನ್ನ ನೆನಪನ್ನು ಇಷ್ಟು ನಂಬುವ ಮನುಷ್ಯ ಎಷ್ಟು ಸುಖಿ!

ಗಚ್ಚು ಒಣಗಿದ ಮೇಲೆ ಒಂದು ಮುಂಜಾನೆ ಚಿಗವ್ವ ಹೊಸ ಬಚ್ಚಲಿಗೆ ಹೊರಟಳು. ಸೊಸೆ ಸೀರೆ, ಅರಿವೆ ಒಳಗಿಟ್ಟು ಹೊರಗೆ ಬಂದಳು. ಬಾಗಿಲು ಮುಚ್ಚಿತು. ನಾನು, ಕಾಕಾ, ಸೊಸೆ ಹಿತ್ತಲಲ್ಲಿ ನಿಂತೆವು. ಒಳಗೆ ಕೋಲಿನ ಸಪ್ಪಳ. ನೀರಿನ ಸಪ್ಪಳ ಮಾತ್ರ ಇಲ್ಲ. ಆಮೇಲೆ ಬಾಗಿಲು ತೆರೆಯಿತು. ಚಿಗವ್ವ ಒಣಸೀರೆಯಲ್ಲೇ ನಿಂತಿದ್ದಳು.

"ಯಾರಿಗೆ ಕಟ್ಟೀರಿ ಇದನ್ನ?"

"ನಿನಗs," ಎಂದ ಕಾಕಾ.

"ಕಲ್ಲಿನ ಮ್ಯಾಲ ಕುಂತ್ರ ಕಾಲು ನೆಲಕ್ಕ ಹತ್ತವಲ್ವು. ಹಿಡಿ ಬಲಕ್ಕ ಐತಿ, ಆ ಕೈ ಸತ್ತು ಒಂದು ವರ್ಷಾತು. ಸಾಬಾಣ ಅಷ್ಟ ಮ್ಯಾಲ ಇಟ್ಟೀರಿ, ನಾ ಏನ್ ಹಾರಲೇನು?"

ಕಾಕಾ ಒಳಗೆ ಹೋದ. ನಾನೂ ಹೋದೆ. ಅವನು ಕಲ್ಲನ್ನು ನೋಡಿದ, ಹಿಡಿಯನ್ನು ನೋಡಿದ. ನಾನು ಟೇಪು ಬಿಡಿಸುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ಇದ್ದದ್ದು ಒಂದು ಎತ್ತರದ ಹೆಂಗಸಿಗೆ ಹೇಳಿಮಾಡಿಸಿದ ಬಚ್ಚಲು. ನೆಟ್ಟನೆಯ ಬೆನ್ನಿನ, ಬಲಗೈಯಲ್ಲಿ ತುಂಬಿದ ಕೊಡ ಎತ್ತುವ, ನಲವತ್ತು ವರ್ಷದ ಹಿಂದೆ ಕುಷ್ಟಗಿಯಿಂದ ಮದುವೆಯಾಗಿ ಬಂದ ಒಬ್ಬ ಹುಡುಗಿಗೆ. ಊರ ಮಂದಿಯನ್ನೆಲ್ಲ ಹುರಿ ಹಿಡಿದು ಅಳೆದವನು ಮನೆಯಲ್ಲಿದ್ದವಳನ್ನು ನಲವತ್ತು ವರ್ಷದಲ್ಲಿ ಒಮ್ಮೆಯೂ ಅಳೆದಿರಲಿಲ್ಲ. ಅವಳು ಯಾವಾಗ ಬಾಗಿದಳು, ಯಾವಾಗ ಕುಗ್ಗಿದಳು ಎಂಬುದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಕಾಕಾ ಹೊರಗೆ ಬಂದು ಏನೋ ಹೇಳಲು ಹೋದ. "ನನಗ ನೀ ಹಂಗs..." ಎಂದು ಅಲ್ಲಿಗೇ ನಿಲ್ಲಿಸಿದ. ಅವನು ಮಾತು ಮುಗಿಸದೇ ಬಿಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಚಿಗವ್ವ ಅವನನ್ನೇ ನೋಡುತ್ತಿದ್ದಳು. ಸಿಟ್ಟು ಇಳಿದಿತ್ತು.

"ಆಕಿ ಛಲೋ ಇದ್ಲು ಬಿಡ್ರಿ," ಎಂದಳು. "ಆದ್ರ ಜಳಕಾ ಮಾಡಬೇಕಾದಾಕಿ ನಾನು."

ಕಾಕಾ ಒಳಗಿನಿಂದ ಹೊಸ ಹುರಿ ತಂದ. ಚಿಗವ್ವ ಎಡಗೈಯಿಂದ ನನ್ನ ಭುಜ ಹಿಡಿದು ನಿಂತಳು. ಕಾಕಾ ನೆಲದ ಮೇಲೆ ಮಂಡಿಯೂರಿ, ಅವಳ ಪಾದದಿಂದ ಮೊಣಕಾಲಿಗೆ ಹುರಿ ಹಿಡಿದು ಗಂಟು ಹಾಕಿದ. ಗಂಟು ಒಂದೇ ಸಲಕ್ಕೆ ಬೀಳಲಿಲ್ಲ. ಕುಳ್ಳಿರಿಸಿ ಅಳೆದ, ನಿಲ್ಲಿಸಿ ಅಳೆದ, ಎಡಗೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಮೂರು ಸಲ ಅಳೆದ. "ಜಂಪರ್ ಹೊಲಿಯೋವ್ನೂ ಇಷ್ಟ ಅಳದಿಲ್ಲ ನೋಡ್ ತಮ್ಮಾ," ಎಂದಳು ಚಿಗವ್ವ ನನಗೆ. ಅಳತೆ ಮುಗಿದ ಮೇಲೆ ಕಾಕಾ ತಲೆಯೆತ್ತಿ ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ.

ಸಿಮೆಂಟಿನಲ್ಲಿ ಕಟ್ಟಿದ್ದರೆ ಸುತ್ತಿಗೆ ಹಿಡಿದು ವಾರಗಟ್ಟಲೆ ಬಡಿಯಬೇಕಿತ್ತು. ಮಣ್ಣು ಹಾಗಲ್ಲ, ತಪ್ಪಾಗಿದೆ ಎಂದರೆ ಬೇಗ ಒಪ್ಪಿಕೊಳ್ಳುತ್ತದೆ. ಕಾಕಾ ಯಾರನ್ನೂ ಮುಟ್ಟಗೊಡದೆ ತಾನೇ ಕಲ್ಲು ಕಿತ್ತು ತಗ್ಗಿಸಿದ, ಹಿಡಿ ಎಡಕ್ಕೆ ತಂದ, ಸಾಬಾಣದ ಗೂಡನ್ನು ತೊಟ್ಟಿಯ ಪಕ್ಕಕ್ಕೆ ಇಳಿಸಿದ. ಸೀಳುಗಿಂಡಿಯನ್ನು ಮುಚ್ಚಿ, ಬಾಗಿದ ಬೆನ್ನಿಗೆ ಸರಿಯಾಗಿ, ಒಂದು ಗೇಣು ಕೆಳಗೆ ಕೊರೆದ. ಮತ್ತೆ ಒಣಗಲು ಬಿಟ್ಟ.

ಎರಡನೆಯ ಸಲ ಚಿಗವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಾಗ ಬಿಸಿಲು ಆಗಷ್ಟೇ ಬೇವಿನ ಮರದ ಮೇಲೆ ಬಂದಿತ್ತು. ಕಾಕಾ ಮೂಡಣ ಗೋಡೆಗೆ ಹತ್ತಿಕೊಂಡೇ ನಿಂತಿದ್ದ. ಕೋಲು ಕೆಳಗಿಟ್ಟ ಸಪ್ಪಳವಾಯಿತು.

"ಹೆಂಗೈತಿ?" ಎಂದ ಕಾಕಾ, ಗೋಡೆಗೆ.

"ರೀ, ಅಲ್ಲಿಂದ ಸರೀರಿ," ಎಂದು ಒಳಗಿನಿಂದ ದನಿ ಬಂತು. "ಬಿಸಿಲಿಗೆ ಅಡ್ಡ ನಿಂತೀರಿ."

ಕಾಕಾ ಗಾಬರಿಯಾಗಿ ಪಕ್ಕಕ್ಕೆ ಹಾರಿದ. ಬಿಸಿಲು ಕಿಂಡಿಯೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಂದು ತಂಬಿಗೆ ನೀರು ಸುರಿದ ಸಪ್ಪಳ ಕೇಳಿಸಿತು. ಆಮೇಲೆ ಇನ್ನೊಂದು. ಅವಸರವೇ ಇಲ್ಲದೆ, ಮತ್ತೊಂದು.